ನಲವತ್ತೊಂದನೇ ಮೇಜು

ಮಗ ಮೂರನೇ ಸಾಲಿನ ಕುರ್ಚಿಗಳನ್ನು ಬಿಡಿಸಿ ಹಾಕುತ್ತಿದ್ದಾಗ ಬಾಗಿಲ ಬಳಿ ಯಾರೋ ಗಂಟಲು ಸರಿಮಾಡಿಕೊಂಡರು. ತಿರುಗಿ ನೋಡಿದರೆ ಇಬ್ಬರು ವಯಸ್ಸಾದ ಹೆಂಗಸರು. ಅವರ ಹಿಂದೆ ಒಂದೇ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ತೆಳ್ಳನೆಯ ಮನುಷ್ಯ. ಮೂವರ ಬಟ್ಟೆಯೂ ದೂರದ ಬಸ್ಸಿನಲ್ಲಿ ಕೂತು ಮುದುಡಿತ್ತು. ಅಮ್ಮನ ಅಂತ್ಯಕ್ರಿಯೆಗೆ ಇನ್ನೂ ಎರಡು ಗಂಟೆ ಇತ್ತು. ವಸತಿ ಕಟ್ಟಡದ ಕೆಳಮಹಡಿಯ ಆ ಹಾಲ್‌ಗೆ ನೆಂಟರು ಕೂಡ ಇನ್ನೂ ಬಂದಿರಲಿಲ್ಲ.

"ನಾವು ನಲವತ್ತೊಂದನೇ ಮೇಜಿನವರು," ಎಂದರು ಹಿರಿಯಾಕೆ. ಅಷ್ಟು ಹೇಳಿದರೆ ಸಾಕು ಎಂಬ ಧ್ವನಿ.

ಮಗನಿಗೆ ತಲೆಬುಡ ತಿಳಿಯಲಿಲ್ಲ. ಅಮ್ಮ ಮೂವತ್ತಮೂರು ವರ್ಷ ಊಟ ಬಡಿಸಿದ್ದ ತಂತಿ ಕಾರ್ಖಾನೆಯ ಕ್ಯಾಂಟೀನಿನವರಿರಬಹುದು ಎಂದುಕೊಂಡ. ಆದರೆ ಅಲ್ಲಿದ್ದದ್ದು ಉದ್ದನೆಯ ಬೆಂಚುಗಳು, ನಂಬರು ಗಿಂಬರು ಇರಲಿಲ್ಲ. ಕೇಳಲು ಇದು ಹೊತ್ತಲ್ಲ ಎಂದು ಮುಂದಿನ ಸಾಲಿಗೆ ಕರೆದ. ಅವರು ಬೇಡವೆಂದು ತಲೆಯಾಡಿಸಿ, ಹಿಂದುಗಡೆ ಅಡುಗೆಕೋಣೆಯ ಬಾಗಿಲಿಗೆ ಹತ್ತಿಕೊಂಡಿದ್ದ ಮೂರು ಕುರ್ಚಿಗಳಲ್ಲಿ ಹೋಗಿ ಕೂತರು. ಕಿರಿಯಾಕೆಗೆ ಕಿವಿ ಮಂದವಿರಬೇಕು. ಹಿರಿಯಾಕೆ ಅವರ ಮೊಣಕೈ ತಟ್ಟಿ, ಬಾಯಿ ಅಗಲಿಸಿ, ಇವನೇ ಮಗ ಎಂದು ತೋರಿಸಿದರು.

ಒಳಗೆ ಲೋಟ ಒರೆಸುತ್ತಿದ್ದ ತಂಗಿಗೂ ಅವರು ಯಾರೆಂದು ಗೊತ್ತಿರಲಿಲ್ಲ. "ಸಾವಿನ ಮನೆಗೆ ಬಂದವರನ್ನ ನೀವ್ಯಾರು ಅಂತ ಕೇಳೋಕಾಗುತ್ತಾ?" ಎಂದಳು. "ಮೊದಲು ಟೀ ತಗೊಂಡು ಹೋಗಿ ಕೊಡು."

ಹನ್ನೊಂದರ ಹೊತ್ತಿಗೆ ಕಾರ್ಖಾನೆಯ ಜನ ಬರತೊಡಗಿದರು. ಅಮ್ಮನಿಗೆ ಅವರು ಇಟ್ಟಿದ್ದ ಹೆಸರು ತಟ್ಟೆಯಮ್ಮ. ನಿವೃತ್ತರಾದ ಬಾಯ್ಲರ್ ಅಣ್ಣ ಊರುಗೋಲಿನ ಸಮೇತ ಮುಂದಿನ ಸಾಲಿನ ತುದಿಯಲ್ಲಿ ಕೂತು, ಪಕ್ಕಕ್ಕೆ ಬಂದವರಿಗೆಲ್ಲ ತನ್ನ ಕತೆ ಹೇಳುತ್ತಿದ್ದ. ಕೇಳುತ್ತಿದ್ದವರಿಗೆ ಅದು ಗೊತ್ತಿದ್ದದ್ದೇ. ಆದರೂ ಕೇಳಿಸಿಕೊಂಡರು.

*

ಕ್ಯಾಂಟೀನಿನಲ್ಲಿ ಊಟಕ್ಕೆ ಎರಡು ಸಲ ಗಂಟೆ ಹೊಡೆಯುತ್ತಿತ್ತು, ಒಮ್ಮೆ ಹನ್ನೊಂದೂವರೆಗೆ, ಇನ್ನೊಮ್ಮೆ ಒಂದಕ್ಕೆ. ಯಂತ್ರ ಬಿಟ್ಟು ಬರಲಾಗದ ಕೆಲವರು ತಮಗೆ ಬಿಡುವಾದಾಗ ಬರುತ್ತಿದ್ದರು. ಮುನ್ನೂರ ಚಿಲ್ಲರೆ ಜನ. ಅಮ್ಮ ಕಿಟಕಿಯ ಈಚೆ ನಿಂತು ತಟ್ಟೆಗೆ ಬಡಿಸಿ ಆಚೆ ತಳ್ಳುತ್ತಿದ್ದಳು. ಕಿಟಕಿ ತಗ್ಗು. ಬಂದವರ ಮುಖಕ್ಕಿಂತ ಮೊದಲು ಕೈ ಕಾಣುತ್ತಿತ್ತು. ಯಾವ ಕೈಗೆ ಎಷ್ಟು ಬೇಕು, ಯಾವ ಕೈ ಇವತ್ತು ನಡುಗುತ್ತಿದೆ, ಯಾವ ಕೈ ಬಂದಿಲ್ಲ ಎಂಬುದು ಆಕೆಗೆ ಗೊತ್ತಾಗಿಬಿಡುತ್ತಿತ್ತು.

ಒಂದು ದಿನ ಬಾಯ್ಲರಿನವನು ಬರಲಿಲ್ಲ. ಬಿಡುವಾದಾಗ ಬರುವವರ ಪೈಕಿ ಅವನು. ಮೂರಾದರೂ ಬರಬಹುದು, ಮೂರೂವರೆಯಾದರೂ ಬರಬಹುದು. ಮೇಸ್ತ್ರಿ ಹಾಗೆಯೇ ಹೇಳಿ ನಕ್ಕ. ಆದರೆ ಆ ಮನುಷ್ಯ ಎರಡೂಕಾಲು ದಾಟಿಸಿದ್ದನ್ನು ಅಮ್ಮ ನೋಡಿರಲಿಲ್ಲ. ಸೌಟು ಕೆಳಗಿಟ್ಟು, ಏಪ್ರನ್ ಕೂಡ ಬಿಚ್ಚದೆ ಅಂಗಳ ದಾಟಿ ನಡೆದಳು. ಅವನು ಬಾಯ್ಲರಿನ ಹಿಂದೆ ಗೋಡೆಗೂ ಕೊಳವೆಗೂ ನಡುವೆ ಬಿದ್ದಿದ್ದ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಅವನು ಆಸ್ಪತ್ರೆಯಿಂದ ಮರಳಿದ ದಿನ ಅಮ್ಮ ಅವನ ತಟ್ಟೆ ತಳ್ಳುತ್ತ ಆಡಿದ್ದು ಒಂದೇ ಮಾತು. "ಅವತ್ತಿನ ಊಟ ವೇಸ್ಟ್ ಮಾಡಿದೆ."

ಮನೆಯಲ್ಲಿ ಆಕೆ ಕೂತು ಉಂಡದ್ದನ್ನು ಮಕ್ಕಳು ಕಂಡದ್ದು ಕಡಿಮೆ. ಗಂಡ ತೀರಿಕೊಂಡಾಗ ಮಗನಿಗೆ ಒಂಬತ್ತು, ಮಗಳಿಗೆ ಆರು. ಇಬ್ಬರಿಗೂ ಬಡಿಸಿ, ಪಾತ್ರೆ ನೆನೆಹಾಕಿ, ಒಲೆಯ ಪಕ್ಕ ನಿಂತೇ ತನ್ನದನ್ನು ಮುಗಿಸುತ್ತಿದ್ದಳು. ಆಕೆ ನಿವೃತ್ತಳಾದಾಗ ಕಾರ್ಖಾನೆಯವರೆಲ್ಲ ಸೇರಿ ಎಂಟು ದಿನದ ಹಡಗು ಪ್ರವಾಸದ ಟಿಕೆಟ್ ಕೊಟ್ಟರು. ಟಿಕೆಟ್ಟಿನ ಜೊತೆ ಒಂದು ಫಾರಂ ಇತ್ತು. ರಾತ್ರಿಯ ಊಟ ಯಾವಾಗ ಎಂದು ಅದರಲ್ಲಿ ಆರಿಸಿಕೊಳ್ಳಬೇಕು. ಮೊದಲ ಪಂಕ್ತಿ ಐದೂಮುಕ್ಕಾಲಿಗೆ, ಎರಡನೇ ಪಂಕ್ತಿ ಎಂಟೂಕಾಲಿಗೆ. ಈ ಎರಡರಲ್ಲೂ ಪ್ರತಿದಿನ ಅದೇ ಮೇಜು, ಅದೇ ಜನ. ಮೂರನೆಯದು 'ನಿಮಗೆ ಬೇಕಾದಾಗ'. ಯಾವಾಗ ಬೇಕಾದರೂ ಹೋಗಬಹುದು, ಖಾಲಿ ಇದ್ದಲ್ಲಿ ಕೂರಬಹುದು.

ಮಗಳು ಎರಡನೇ ಪಂಕ್ತಿಯೇ ಚೆಂದ, ಒಳ್ಳೇ ಬಟ್ಟೆ ಹಾಕಿಕೊಂಡು ನಿಧಾನಕ್ಕೆ ಹೋಗಬಹುದು ಎಂದಳು. ಮಗ ಒಪ್ಪಲಿಲ್ಲ. ಇಷ್ಟು ವರ್ಷ ಗಂಟೆ ಹೊಡೆದ ಹಾಗೆ ಕುಣಿದವಳು ಇನ್ನಾದರೂ ಗಡಿಯಾರ ನೋಡದೆ ಉಣ್ಣಲಿ ಎಂಬುದು ಅವನ ವಾದ.

ಅಮ್ಮ ಫಾರಮ್ಮನ್ನು ದೂರ ಹಿಡಿದು ಓದಿದಳು. "ಬೇಕಾದಾಗ ಹೋಗೋದು ಅಂದ್ರೆ, ಹೋಗಲಿಲ್ಲ ಅಂದ್ರೆ ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಬೇಕಾಗಿಲ್ಲಮ್ಮ. ಅದೇ ಅದರ ಸುಖ."

ಆಕೆ ಫಾರಮ್ಮನ್ನು ಅವನ ಕೈಗೇ ಕೊಟ್ಟಳು. ಮಗ ಮೂರನೇ ಚೌಕಕ್ಕೆ ಗುರುತು ಹಾಕಿದ. ಅಮ್ಮನಿಗೆ ತಾನು ಕೊಟ್ಟ ಮೊದಲ ದೊಡ್ಡ ಉಡುಗೊರೆ ಅದು ಎಂದು ಅವನಿಗೆ ಅನ್ನಿಸಿತ್ತು.

ಹೋಗಿ ಬಂದ ಮೇಲೆ ಹೇಗಿತ್ತು ಎಂದು ಎಲ್ಲರೂ ಕೇಳಿದರು. "ಊಟ ಚೆನ್ನಾಗಿತ್ತು," ಎಂದಳು. ಸಮುದ್ರ ಹೇಗಿತ್ತು ಎಂದರೆ, "ಇತ್ತು," ಎಂದಳು. ಆಮೇಲೆ ಎರಡು ವರ್ಷ ಆ ಮಾತು ಬರಲೇ ಇಲ್ಲ. ಈಗ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟಳು.

*

ಸ್ಮಶಾನದಿಂದ ಎಲ್ಲರೂ ಹಾಲ್‌ಗೆ ಮರಳಿದಾಗ ಮೂರು ಗಂಟೆ. ಊಟಕ್ಕೆ ಜನ ತಟ್ಟೆ ಹಿಡಿದು ಅಲ್ಲಲ್ಲಿ ನಿಂತರು. ಆ ಮೂವರು ಮಾತ್ರ ಬೆಳಗಿನ ಕುರ್ಚಿಗಳಲ್ಲೇ ಕೂತಿದ್ದರು. ಮಗ ತನ್ನ ತಟ್ಟೆಯೊಂದಿಗೆ ಹೋಗಿ ಅವರೆದುರು ಕೂತು, ಅಮ್ಮನ ಪರಿಚಯ ಹೇಗೆ ಎಂದು ಕೊನೆಗೂ ಕೇಳಿದ.

"ಹಡಗಿನಲ್ಲಿ," ಎಂದ ತೆಳ್ಳನೆಯ ಮನುಷ್ಯ. ತನಗೆ ಕನ್ನಡಕದ ಅಂಗಡಿ ಎಂದ. ಇವರಿಬ್ಬರು ಅಕ್ಕತಂಗಿಯರು, ಬಟ್ಟೆ ಹೊಲಿಯುವವರು. "ಒಂದೇ ಮೇಜಿನಲ್ಲಿ ಏಳು ದಿನ ಊಟ ಮಾಡಿದ್ವಿ. ಮೊದಲ ಪಂಕ್ತಿ."

ಮಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಇಲ್ಲವಲ್ಲ. ನಾನೇ ಫಾರಂ ತುಂಬಿದ್ದು. ಬೇಕಾದಾಗ ಅಂತ ಹಾಕಿದ್ದೆ."

"ಗೊತ್ತು. ಅವರೇ ಹೇಳಿದ್ರು. ನನ್ನ ಮಗ ನನಗೆ ರಜೆ ಕೊಟ್ಟು ಕಳಿಸಿದ್ದಾನೆ, ಆದರೆ ರಜೆ ಅಂದ್ರೆ ನನಗೆ ಇದೇನೇ ಅಂತ."

ಹೊರಟ ದಿನವೇ ಅಮ್ಮ ಊಟದ ಹಾಲ್‌ನ ಮೇಲ್ವಿಚಾರಕನ ಬಳಿ ಹೋಗಿದ್ದಳಂತೆ. ಮೊದಲ ಪಂಕ್ತಿ ಭರ್ತಿ, ಎರಡನೆಯದರಲ್ಲಿ ಬೇಕಾದರೆ ಜಾಗ ಕೊಡುತ್ತೇನೆ ಎಂದ ಅವನು. ಅಮ್ಮ ವಾದಿಸಲಿಲ್ಲ. ಬಾಗಿಲ ಪಕ್ಕ ನಿಂತು ಅವನು ಜನರನ್ನು ಕೂರಿಸುವುದನ್ನು ಕಾಲು ಗಂಟೆ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲ ಬುಡದಲ್ಲಿದ್ದ ಮೇಜನ್ನು ತೋರಿಸಿ, ಅಲ್ಲೊಂದು ಕುರ್ಚಿ ಖಾಲಿ ಇದೆಯಲ್ಲ ಎಂದಳು. ಆ ಬಾಗಿಲು ಇಡೀ ಹೊತ್ತು ಬಡಿದುಕೊಳ್ಳುತ್ತದೆ, ಯಾರೂ ಅಲ್ಲಿ ಕೂರಲು ಒಪ್ಪುವುದಿಲ್ಲ ಎಂದು ಅವನು ಒಪ್ಪಿಕೊಂಡ. "ಆ ಸದ್ದಿಲ್ಲದಿದ್ರೆ ನನಗೆ ಊಟ ಸೇರಲ್ಲ," ಎಂದಳಂತೆ ಅಮ್ಮ.

ಮಗನಿಗೆ ನಗು ಬಂತು. ಹಿರಿಯಾಕೆಯೂ ನಕ್ಕರು. ಕನ್ನಡಕದವನು ನಗಲಿಲ್ಲ. ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ನಿಮಗೆ ಒಂದು ವಿಷಯ ಹೇಳಬೇಕೆಂದೇ ಇಷ್ಟು ದೂರ ಬಂದದ್ದು ಎಂದ.

*

ಆ ಮೇಜಿನಲ್ಲಿ ಆರು ಜನ. ಅಕ್ಕತಂಗಿಯರು, ಹೊಸದಾಗಿ ಮದುವೆಯಾದ ಒಂದು ಜೋಡಿ, ಅಮ್ಮ ಮತ್ತು ಕನ್ನಡಕದವನು. ಅವನ ಹೆಂಡತಿ ಸತ್ತು ಐದು ತಿಂಗಳಾಗಿತ್ತು. ಟಿಕೆಟ್ ಇಬ್ಬರಿಗೂ ಸೇರಿಸಿ ಆಕೆಯೇ ತೆಗೆಸಿದ್ದಳು. ಮೊದಲ ಪಂಕ್ತಿಯೂ ಆಕೆಯ ಆಯ್ಕೆಯೇ. ಆರನೇ ಕುರ್ಚಿ ಖಾಲಿ ಇದ್ದದ್ದು ಬಾಗಿಲ ಸದ್ದಿನಿಂದಷ್ಟೇ ಅಲ್ಲ ಎಂದು ಅವನಿಗೆ ಮಾತ್ರ ಗೊತ್ತಿತ್ತು. ಅಲ್ಲಿ ಅಮ್ಮ ಬಂದು ಕೂತಾಗ ಅದು ಹೆಂಡತಿಯ ಕುರ್ಚಿ ಎಂದು ಅವನು ಹೇಳಲಿಲ್ಲ.

ಮೊದಲ ಮೂರು ದಿನ ಅವನು ಕರೆದರೆ ಮಾತಾಡಿದ, ಬಡಿಸಿದ್ದನ್ನು ಅತ್ತಿತ್ತ ಮಾಡಿದ. ಮೂರನೇ ದಿನ ಏಳುವಾಗ ಎಲ್ಲರಿಗೂ ಬೇರೆಬೇರೆಯಾಗಿ ವಂದನೆ ಹೇಳಿದ. ಬಡಿಸುವವನ ಕೈ ಹಿಡಿದು, ನೀವು ಮಾಡಿದ್ದಕ್ಕೆಲ್ಲ ತುಂಬಾ ಉಪಕಾರವಾಯಿತು ಎಂದ.

ನಾಲ್ಕನೇ ದಿನ ಐದೂಮುಕ್ಕಾಲಿಗೆ ಅವನ ಕುರ್ಚಿ ಖಾಲಿ ಇತ್ತು. ಹೊರಗೆ ಇನ್ನೂ ಢಾಳಾದ ಬಿಸಿಲು. ಕೆಲವರು ಮೇಲಿನ ಮಹಡಿಯಲ್ಲೇ ಏನಾದರೂ ತಿಂದುಬಿಡುತ್ತಾರೆ ಎಂದು ಬಡಿಸುವವನು ಸೂಪ್ ತಂದಿಟ್ಟ. ಅಮ್ಮ ಐದು ನಿಮಿಷ ಕಾದಳು. ಆಮೇಲೆ ಎದ್ದಳು.

"ಇನ್ನೂ ನಾಲ್ಕು ದಿನ ಊಟ ಬಾಕಿ ಇರುವಾಗ ಯಾರೂ ಹಾಗೆ ವಂದನೆ ಹೇಳೋದಿಲ್ಲ," ಎಂದು ಅಕ್ಕನಿಗೆ ಹೇಳಿದಳು. "ನಾನು ಬರೋವರೆಗೂ ಯಾರೂ ಚಮಚ ಮುಟ್ಟಬೇಡಿ."

ಮೇಲ್ವಿಚಾರಕನಿಗೆ ಕನ್ನಡಕದವನ ಕೋಣೆಗೆ ಫೋನ್ ಮಾಡಿಸಲು, ಕಾವಲಿನವರನ್ನು ಕಳಿಸಲು ಹೇಳಿ, ತಾನು ಕಾಯದೆ ಹೊರಟಳು. ಅಮ್ಮನಿಗೆ ಮಂಡಿನೋವು. ಲಿಫ್ಟಿನ ಮುಂದೆ ಜನ ಕಂಡು ಮೆಟ್ಟಿಲು ಹಿಡಿದಳು. ನಾಲ್ಕು ಮಹಡಿ ನೋಡಿಕೊಂಡು ಇಳಿದ ಮೇಲೆ, ಹಡಗಿನ ಹಿಂಭಾಗದಲ್ಲಿ, ಹಗ್ಗದ ಸುರುಳಿಗಳನ್ನು ಇಟ್ಟಿದ್ದ ಕಡೆ ಅವನು ಕಂಡ. ಕೋಟನ್ನು ಬೆಂಚಿನ ಮೇಲೆ ನೀಟಾಗಿ ಮಡಚಿ ಇಟ್ಟಿದ್ದ. ಅದರ ಮೇಲೆ ಕನ್ನಡಕ. ಕಟಕಟೆಗೆ ಒರಗಿಕೊಂಡು ನೀರನ್ನು ನೋಡುತ್ತಿದ್ದ, ಅಥವಾ ಕನ್ನಡಕವಿಲ್ಲದೆ ನೋಡಲಾಗದೆ ಸುಮ್ಮನೆ ನಿಂತಿದ್ದ.

ಅಮ್ಮ ಓಡಲಿಲ್ಲ, ಕೂಗಲಿಲ್ಲ. ಹತ್ತಿರ ಹೋಗಿ ಕೋಟನ್ನು ಕೈಗೆತ್ತಿಕೊಂಡು ಏದುಸಿರು ಇಳಿಯುವವರೆಗೆ ಪಕ್ಕದಲ್ಲಿ ನಿಂತಳು.

"ಸೂಪ್ ಆರ್ತಾ ಇದೆ," ಎಂದಳು.

ತನಗೆ ಹಸಿವಿಲ್ಲ ಎಂದ ಅವನು.

"ನಿಮ್ಮ ಹಸಿವಿನ ಮಾತಲ್ಲ. ಅಲ್ಲಿ ನಾಲ್ಕು ಜನ ಚಮಚ ಮುಟ್ಟದೆ ಕೂತಿದ್ದಾರೆ. ಆ ಕಿವಿ ಕೇಳದವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ತಲೆ ಸುತ್ತುತ್ತೆ."

ಅಷ್ಟರಲ್ಲಿ ಕಾವಲಿನವರಿಬ್ಬರು ಬಂದರು. ಅಮ್ಮ ಅವರಿಗೆ ಅಲ್ಲೇ ನಿಲ್ಲಿ ಎಂದು ಕೈಸನ್ನೆ ಮಾಡಿದಳು. ಆಮೇಲೆ ಕೋಟನ್ನು, ಮಕ್ಕಳಿಗೆ ತೊಡಿಸುವಾಗ ಹಿಡಿಯುವಂತೆ, ತೋಳು ಬಿಡಿಸಿ ಹಿಡಿದಳು. ಅವನು ಮೊದಲು ಒಂದು ಕೈ ಹಾಕಿದ.

*

"ಹೋಗಿ ನೋಡಿದ್ರೆ ನಿಜವಾಗಿಯೂ ಕಾಯ್ತಾ ಇದ್ರು," ಎಂದ ಕನ್ನಡಕದವನು. "ಆ ಹೊಸ ಜೋಡಿ ಕೂಡ. ಸೂಪ್ ಮೇಲೆ ಕೆನೆ ಕಟ್ಟಿತ್ತು. ನಾನು ಅವತ್ತು ಊಟಕ್ಕೆ ಹೋಗಬಾರದು ಅಂತ ತೀರ್ಮಾನ ಮಾಡಿದ್ದೆ. ಅವತ್ತಷ್ಟೇ ಅಲ್ಲ."

ಮಗ ತನ್ನ ತಟ್ಟೆಯನ್ನು ಕೆಳಗಿಟ್ಟ. ತಂಗಿ ಯಾವಾಗಲೋ ಬಂದು ಅಣ್ಣನ ಹಿಂದೆ ನಿಂತಿದ್ದಳು.

ಹಡಗಿನ ಡಾಕ್ಟರು ಆಮೇಲೆ ದಿನವೂ ಬಂದು ಅವನೊಡನೆ ಕೂತು ಮಾತಾಡಿದರಂತೆ. ಅದಕ್ಕೂ ಹೇಳಿ ಏರ್ಪಾಡು ಮಾಡಿದ್ದು ಅಮ್ಮನೇ. ಆದರೆ ಮೇಜಿನಲ್ಲಿ ಮತ್ತೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಉಪ್ಪು ಕಡಿಮೆ, ಆಲೂಗಡ್ಡೆ ಬೆಂದಿಲ್ಲ ಎಂದು ಅಡುಗೆಯ ತಪ್ಪು ಹುಡುಕುತ್ತ, ಅಡುಗೆಮನೆಯ ಆ ಬಾಗಿಲು ಬಡಿದಾಗಲೆಲ್ಲ ಈಗ ಬಂದದ್ದು ಯಾವ ಮೇಜಿಗೆ ಎಂದು ಊಹಿಸುತ್ತ ಎಲ್ಲರನ್ನೂ ನಗಿಸಿದಳು. ಕೊನೆಯ ದಿನ ಕಾಫಿ ಬಂದಾಗ ಅಕ್ಕನ ಕಡೆ ತಿರುಗಿ, ನಿಮ್ಮ ಕೆಳಗಿನ ಮನೆ ಬಾಡಿಗೆಗೆ ಇದೆ ಅಂದಿದ್ದಿರಲ್ಲ, ಇನ್ನೂ ಖಾಲಿನಾ ಎಂದು ಕೇಳಿದಳು. ಆಮೇಲೆ ಕನ್ನಡಕದವನ ಕಡೆ ನೋಡಿ ಕಾಫಿ ಕುಡಿಯತೊಡಗಿದಳು.

"ಈಗ ಎರಡು ವರ್ಷದಿಂದ ನಮ್ಮ ಕೆಳಗಿನ ಮನೇಲೇ ಇದ್ದಾರೆ," ಎಂದರು ಅಕ್ಕ. "ಅಂಗಡೀನೂ ನಮ್ಮ ಬೀದಿಗೇ ತಂದ್ರು. ತಿಂಗಳಿಗೊಂದು ಸಲ ನಿಮ್ಮಮ್ಮ ಫೋನ್ ಮಾಡಿ, ಇವರಿಬ್ಬರೂ ಸರಿಯಾಗಿ ತಿಂತಿದ್ದಾರಾ ಅಂತ ನನ್ನ ಕೇಳ್ತಿದ್ರು. ನಾನು ತಿಂತಿದೀನಾ ಅಂತ ಇವರನ್ನ ಕೇಳ್ತಿದ್ರು. ಈ ತಿಂಗಳು ಫೋನ್ ಬರಲಿಲ್ಲ ಅಂತ ನಿನ್ನೆ ನಾನೇ ಮಾಡಿದೆ, ಯಾರೋ ನೆಂಟರು ಎತ್ತಿ ವಿಷಯ ಹೇಳಿದ್ರು."

ಅಣ್ಣನ ಹಿಂದೆ ನಿಂತಿದ್ದ ತಂಗಿ ಏಪ್ರನ್ನಿನ ಅಂಚಿನಿಂದಲೇ ಕಣ್ಣೊರೆಸಿಕೊಂಡಳು. ನಮಗೆ ಒಂದು ದಿನವೂ ಹೇಳಲಿಲ್ಲವಲ್ಲ ಎಂದಳು.

"ಹೇಳೋ ವಿಷಯ ನನ್ನದಾಗಿತ್ತು," ಎಂದ ಕನ್ನಡಕದವನು. "ಅದಕ್ಕೇ ಬಿಟ್ಟಿದ್ರು ಅನ್ಸುತ್ತೆ."

ಅವರ ಬಸ್ಸು ಐದೂವರೆಗೆ. ಉಳಿದುಕೊಳ್ಳಿ ಎಂದು ಮಗ ಒತ್ತಾಯ ಮಾಡಿದ. ನಾಳೆ ಕೊಡಬೇಕಾದ ಬಟ್ಟೆಗಳಿವೆ ಎಂದು ಅಕ್ಕ ಒಪ್ಪಲಿಲ್ಲ. ಅವನು ಅವರ ಚೀಲ ತಾನೇ ಹಿಡಿದು ಮೂರು ಬೀದಿ ಆಚೆಯ ನಿಲ್ದಾಣದವರೆಗೆ ಜೊತೆಗೆ ನಡೆದ. ದಾರಿಯಲ್ಲಿ ಕಿರಿಯಾಕೆ ಒಮ್ಮೆ ನಿಂತು ಅವನ ಮುಖವನ್ನು ಚೆನ್ನಾಗಿ ನೋಡಿ, ನಿನಗೆ ಅಮ್ಮನ ಹುಬ್ಬು ಎಂದು ಕಿವುಡರ ಏರುದನಿಯಲ್ಲಿ ಹೇಳಿದರು.

ಬಸ್ಸು ಹೊರಡುವ ಹೊತ್ತಿಗೆ ಅವರಿಗೆ ಕೊನೆಯ ಸಾಲು ಸಿಕ್ಕಿತು. ಮಗ ಕೆಳಗೆ ಕಿಟಕಿಯ ಪಕ್ಕ ನಿಂತ. ಕಿರಿಯಾಕೆ ಮಡಿಲ ಮೇಲೆ ಒಂದು ಡಬ್ಬಿ ತೆರೆದು, ಅಕ್ಕನಿಗೊಂದು ತನಗೊಂದು ರೊಟ್ಟಿಯ ತುಂಡು ತೆಗೆದರು. ಮೂರನೆಯದನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟರು. ಕನ್ನಡಕದವನು ಇನ್ನೂ ನಿಂತು ಚೀಲವನ್ನು ಮೇಲಿನ ಕಂಬಿಗಳ ನಡುವೆ ತುರುಕುತ್ತಿದ್ದ. ಅದು ಹಿಡಿಸುತ್ತಿರಲಿಲ್ಲ. ಬಸ್ಸು ಜಗ್ಗಿ ಮುಂದೆ ಹೋಯಿತು, ಅವನು ಜೋಲಿ ಹೊಡೆದು ಕಂಬಿ ಹಿಡಿದುಕೊಂಡ. ತಿರುವಿನಲ್ಲಿ ಮರೆಯಾಗುವವರೆಗೂ ಆ ಇಬ್ಬರು ಹೆಂಗಸರು ರೊಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಮುಖವೆತ್ತಿ ಅವನನ್ನೇ ನೋಡುತ್ತ.