ದೋಷ ಕಾಣಲಿಲ್ಲ

ವಿಮಾನ ಕಂಪನಿಯ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಣಲಿಲ್ಲಪ್ಪ ಎಂದು. ಇಪ್ಪತ್ತೊಂದು ವರ್ಷದಿಂದ ಅವನ ಕೆಲಸ ಒಂದೇ. ಸೀಟುಗಳ ಬೆನ್ನಿಗೆ ಕೂರಿಸಿದ ಪುಟ್ಟ ಟೀವಿಗಳನ್ನು ನೋಡಿಕೊಳ್ಳುವುದು. ವಿಮಾನ ಇಳಿದ ಮೇಲೆ ಗಗನಸಖಿಯರು ದೂರಿನ ಪುಸ್ತಕ ತಂದು ಕೊಡುವರು. ಹದಿನಾಲ್ಕನೇ ಸಾಲಿನಲ್ಲಿ ಸಿನಿಮಾ ಅರ್ಧಕ್ಕೆ ನಿಂತಿತು, ಇಪ್ಪತ್ತಾರರಲ್ಲಿ ಒಂದೇ ಕಿವಿಗೆ ಕೇಳುತ್ತದೆ, ಮೂವತ್ತರಲ್ಲಿ ಪರದೆ ಮುಟ್ಟಿದರೆ ಪಕ್ಕದವರ ದೀಪ ಹತ್ತುತ್ತದೆ. ಅವನು ಟಾರ್ಚು ಹಿಡಿದು ಸೀಟಿನ ಕೆಳಗೆ ಮಲಗಿ, ಅಲ್ಲಿದ್ದ ಟೀವಿಯ ಕರೆಂಟು ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚುವನು. ನಿಂತ ವಿಮಾನದಲ್ಲಿ, ಖಾಲಿ ಸೀಟಿನ ಮುಂದೆ, ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಆಗ ಪುಸ್ತಕದಲ್ಲಿ ಬರೆಯುವನು: 'ನೆಲದ ಮೇಲೆ ಪರೀಕ್ಷಿಸಿದೆ. ದೋಷ ಕಾಣಲಿಲ್ಲ.'

ಸುಳ್ಳೇನಲ್ಲ. ಎರಡು ದಿನದಿಂದ ಮೇವು ಮುಟ್ಟದ ದನ ಡಾಕ್ಟರನ್ನು ಕಂಡ ಕೂಡಲೇ ಗಬಗಬ ತಿನ್ನಲು ಶುರುಮಾಡುವ ಹಾಗೆ, ಕೆಟ್ಟ ಟೀವಿಗಳೆಲ್ಲ ಅವನ ಕೈ ತಾಗಿದೊಡನೆ ಸಾಧುವಾಗುತ್ತಿದ್ದವು. ಅವು ಕೆಡುತ್ತಿದ್ದದ್ದು ಮೇಲೆ, ಇನ್ನೂರು ಜನ ಒಟ್ಟಿಗೆ ಬೆರಳಿಟ್ಟಾಗ. ಮೇಲೆ ಹೋಗಿ ನೋಡಿ ಬಾ ಎಂದು ಅವನನ್ನು ಯಾರೂ ಕಳಿಸಿರಲಿಲ್ಲ. ವಿಮಾನವನ್ನು ಅವನು ಸಾವಿರಾರು ಸಲ ಹತ್ತಿದ್ದ. ಒಂದು ಸಲವೂ ಹಾರಿರಲಿಲ್ಲ.

ಅವನ ತಾಯಿ ಅವನ ಜೊತೆಗೇ, ಕಂಪನಿಯ ಎರಡು ಕೋಣೆಯ ಮನೆಯಲ್ಲಿದ್ದಳು. ತಾಯಿಯ ತಂಗಿ, ಅಂದರೆ ಅವನ ಚಿಕ್ಕಮ್ಮ, ಇದ್ದದ್ದು ಊರಲ್ಲಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕತಂಗಿಯರು ಫೋನಿನಲ್ಲಿ ಜಗಳವಾಡುವರು. ಜಗಳಕ್ಕೆ ಕಾರಣ ಅವನೇ. ಹನ್ನೆರಡು ವರ್ಷದ ಹಿಂದೆ ಚಿಕ್ಕಮ್ಮ ಕಣ್ಣು ತೋರಿಸಲು ಬಂದು ಒಂದು ವಾರ ಇದ್ದಳು. ದಿನಾ ಸಂಜೆ ಅಕ್ಕನ ಮಗ ಮನೆಗೆ ಬಂದಾಗ ಅವನ ಅಂಗಿಯ ಬೆನ್ನಿನ ತುಂಬ ಬಿಸ್ಕತ್ತಿನ ಪುಡಿ, ಕಡಲೆಕಾಯಿ ಸಿಪ್ಪೆ. ಒಂದು ದಿನ ಯಾರದೋ ಮಗುವಿನ ಕಾಲುಚೀಲವೂ ಅಂಟಿಕೊಂಡು ಬಂದಿತ್ತು. ಪೊರೆ ತೆಗೆದ ಹೊಸ ಕಣ್ಣಿನಲ್ಲಿ ಚಿಕ್ಕಮ್ಮ ಇದೆಲ್ಲವನ್ನೂ ನೋಡಿ ಒಂದು ತೀರ್ಮಾನಕ್ಕೆ ಬಂದಳು.

"ನಿನ್ನ ಮಗ ವಿಮಾನ ಗುಡಿಸ್ತಾನೆ ಅಂದ್ರೆ ಅದರಲ್ಲಿ ಅವಮಾನ ಏನಿದೆ ಅಕ್ಕ? ದುಡಿದು ತಿನ್ನೋ ಕೆಲಸ. ಮುಚ್ಚಿಡೋದು ಯಾಕೆ?"

"ಗುಡಿಸಲ್ಲ ಅಂದೆನಲ್ಲ. ಟೀವಿ ರಿಪೇರಿ."

"ಸರಿ ಬಿಡು. ಕಸದ ಜೊತೆ ಟೀವಿನೂ ಇರುತ್ತೆ."

ಹೀಗೆ ಹನ್ನೆರಡು ವರ್ಷ.

ಅಷ್ಟರಲ್ಲಿ ಕಂಪನಿಗೆ ಹೊಸ ಸಾಹೇಬರೊಬ್ಬರು ಬಂದರು. ಹಿಂದೆ ಶಾಂಪೂ ಕಂಪನಿಯಲ್ಲಿದ್ದವರು. ಬಾಗಿಲ ಮೇಲೆ 'ಪ್ರಯಾಣಿಕರ ಅನುಭವ' ಎಂದು ಫಲಕ ಹಾಕಿಸಿದ್ದರಿಂದ ಶೆಡ್ಡಿನವರು ಅವರನ್ನು ಅನುಭವದ ಸಾಹೇಬರು ಎಂದು ಕರೆದರು. ಅವರು ಬಂದ ಮೊದಲ ದಿನವೇ ಟೀವಿಗಳ ಆಯಸ್ಸು ಮುಗಿಯಿತು. ಇನ್ನು ಮೇಲೆ ಜನ ತಮ್ಮ ಫೋನನ್ನೇ ನೋಡುತ್ತಾರೆ, ಆಕಾಶದಲ್ಲೇ ಇಂಟರ್ನೆಟ್ ಕೊಡೋಣ ಎಂದರು. ವಿಮಾನವೊಂದರ ಬೆನ್ನಿಗೆ ಗೂನಿನಂಥ ಆಂಟೆನಾ ಕೂರಿಸಲಾಯಿತು. ಫೋನಿನಲ್ಲಿ ತಮ್ಮ ಸೀಟಿನ ನಂಬರು ಒತ್ತಿದರೆ ಸಂಪರ್ಕ. ಸಂಪರ್ಕ ವಿಭಾಗ ಎಂಬ ಹೊಸ ವಿಭಾಗಕ್ಕೆ ಒಬ್ಬ ಮುಖ್ಯಸ್ಥ ಬೇಕಾಗಿತ್ತು. ಸಾಹೇಬರು ಕಾಣಲಿಲ್ಲಪ್ಪನನ್ನು ಕರೆಸಿ, ಗಾಜಿನ ಕೋಣೆಯಲ್ಲಿ ಕೈಯಿಲ್ಲದ ಕುರ್ಚಿ ತೋರಿಸಿ, ಮಾತು ನೇರವಾಗಿಯೇ ಆಡಿದರು.

"ಮುಂದಿನ ಗುರುವಾರ ಯಜಮಾನರು ಸ್ವತಃ ಹಾರ್ತಾರೆ. ಹನ್ನೊಂದು ಗಂಟೆಗೆ ಮೇಲಿಂದ ನಮ್ಮ ಸಭಾಂಗಣಕ್ಕೆ ಮುಖ ತೋರಿಸಿ ಮಾತಾಡ್ತಾರೆ. ಅದು ನಡೀತು ಅಂದ್ರೆ ನೀವೇ ಮುಖ್ಯಸ್ಥರು. ನಡೀಲಿಲ್ಲ ಅಂದ್ರೆ, ಟೀವಿ ಅಂತೂ ಇರಲ್ಲ, ಸೀಟ್ ಬೆಲ್ಟಿನ ಗೋದಾಮಲ್ಲಿ ಒಂದು ಜಾಗ ಖಾಲಿ ಇದೆ."

ಗೋದಾಮಿಗೆ ಕಿಟಕಿಯಿರಲಿಲ್ಲ. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ಅವನು ನೋಡಿರಲಿಲ್ಲ.

ಹಿಂದಿನ ಸೀಟುಗಳನ್ನು ನೌಕರರ ಮನೆಯವರಿಂದ ತುಂಬಿಸುವುದು ಎಂದಾಯಿತು. ನಗುಮುಖದವರನ್ನೇ ಕರೆತನ್ನಿ ಎಂದು ಸುತ್ತೋಲೆ ಬಂತು. ಕಾಣಲಿಲ್ಲಪ್ಪನ ತಾಯಿ ನಗುವವಳಲ್ಲ. ಆದರೂ ಸುದ್ದಿ ಕೇಳಿದ್ದೇ ತಡ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದಳು.

"ಮೇಲಿಂದ ಅವಳಿಗೆ ಫೋನ್ ಮಾಡ್ಬಹುದೇನೋ? ಮುಖ ಕಾಣೋ ಥರ?"

"ಮಾಡ್ಬಹುದಮ್ಮ."

"ಮಾತು ಕೊಟ್ಟೆ ನೋಡು."

ಅವನು ಮಾತು ಕೊಟ್ಟ ಮರುದಿನ ನಿಂತ ವಿಮಾನದಲ್ಲೇ ಪ್ರಯೋಗ ನಡೆಯಿತು. ಎಂಟು ಫೋನುಗಳಿಗೆ ಚಿತ್ರ ಚೆನ್ನಾಗಿ ಬರುತ್ತಿತ್ತು. ಹತ್ತಾದರೆ ತೊದಲಿತು. ಹದಿನಾರಕ್ಕೆ ಪರದೆಯ ಮೇಲೆ ಚಕ್ರ ತಿರುಗುವುದೊಂದೇ ಉಳಿಯಿತು. ಸಾಹೇಬರು ಸ್ವಲ್ಪ ಹೊತ್ತು ಆ ಚಕ್ರವನ್ನೇ ನೋಡಿದರು.

"ಮುಂದಿನ ನಾಲ್ಕು ಸಾಲು ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿ. ಅವರ ಫೋನಲ್ಲಿ 'ಸಂಪರ್ಕವಾಗಿದೆ' ಅಂತ ಬರ್ಲಿ. ಸಂಪರ್ಕ ಆಗೋದು ಬೇಡ."

"ಜನ ಕೇಳಿದ್ರೆ ಸಾರ್?"

"ನಮ್ಮ ಮನೆಯವರೇ ಅಲ್ವೇನ್ರೀ. ನಮ್ಮವರು ಕೇಳ್ತಾರಾ?"

ಐದನೇ ಸಾಲಿನಿಂದ ಮೂವತ್ತೇಳರವರೆಗೆ ಮೂವತ್ತಮೂರು ಸಾಲು. ಶೆಡ್ಡಿನ ಟೀವಿ ತಂಡದಲ್ಲಿ ಅವನೂ ಸೇರಿ ಹನ್ನೊಂದು ಜನ. ತಲೆಗೆ ಮೂರು ಸಾಲು ಬಂತು. ಬುಧವಾರ ಮಧ್ಯಾಹ್ನ ಒಬ್ಬೊಬ್ಬರಾಗಿ ಶೆಡ್ಡಿನ ಕಂಪ್ಯೂಟರಿನ ಮುಂದೆ ಕೂತು ತಮ್ಮ ಸಾಲುಗಳ ಸೀಟುಗಳನ್ನು ಬಂದ್ ಮಾಡಿ ಎದ್ದುಬಂದರು. ಎದ್ದುಬಂದವರು ಯಾರ ಮುಖವನ್ನೂ ನೋಡದೆ ಸೀದಾ ಟೀ ಕುಡಿಯಲು ಹೋದರು. ಕೊನೆಯವನು ಕಾಣಲಿಲ್ಲಪ್ಪ. ಮೂವತ್ತೈದು, ಮೂವತ್ತಾರು ಮುಗಿಸಿ ಮೂವತ್ತೇಳಕ್ಕೆ ಬಂದ. ತಾಯಿಗೆ ಕೊಟ್ಟಿದ್ದ ಕಿಟಕಿಯ ಪಕ್ಕದ ಸೀಟಿನ ಮೇಲೆ ಅವನ ಬೆರಳು ನಿಂತಿತು.

ಅವನ ಅಪ್ಪ ಕಾಲುವೆಯ ತೂಬು ಕಾಯುವ ಕೆಲಸದಲ್ಲಿದ್ದವನು. ಸರದಿಯಿಲ್ಲದ ದಿನವೂ ಹೊಲದವರು ಒಡ್ಡಿಗೆ ಸಣ್ಣದೊಂದು ಗಂಡಿ ಕಡಿಯುತ್ತಿದ್ದರು. ಸಿಕ್ಕಿಬಿದ್ದರೆ ಎಲ್ಲರದ್ದೂ ಒಂದೇ ಮಾತು: ಒಂದು ಗುದ್ದಲಿ ಅಗಲ ಅಷ್ಟೇ ಅಣ್ಣ, ಇಷ್ಟಕ್ಕೆ ಕಾಲುವೆ ಬತ್ತುತ್ತಾ? ಅಪ್ಪ ಅವರನ್ನೆಲ್ಲ ಬಯ್ಯುತ್ತ ಒಡ್ಡಿನುದ್ದಕ್ಕೂ ನಡೆಯುವುದನ್ನು ಅವನು ಹುಡುಗನಾಗಿದ್ದಾಗ ನೋಡಿದ್ದ. ಈಗ ಅವನಿಗೂ ಅನಿಸಿದ್ದು ಅಷ್ಟೇ. ಒಂದು ಫೋನು. ಇಷ್ಟಕ್ಕೇನಾಗುತ್ತದೆ?

ಆ ಸೀಟನ್ನು ಹಾಗೆಯೇ ಬಿಟ್ಟು ಎದ್ದ.

ಗುರುವಾರ ವಿಮಾನ ಏರಿತು. ಮೊದಲ ಸಲ ಹಾರುತ್ತಿದ್ದ ಕಾಣಲಿಲ್ಲಪ್ಪ ಹಿಂದಿನ ಅಡಿಗೆ ಜಾಗದ ಪಕ್ಕದಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಫೋನಿನ ಬೆಳಕು ನಗುಮುಖಗಳ ಮೇಲೆ ಚೆನ್ನಾಗಿ ಬೀಳಲಿ, ಫೋಟೋ ಅಂದವಾಗಿ ಬರಲಿ ಎಂದು ಸಾಹೇಬರು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ತಾಯಿ ಹನ್ನೊಂದಕ್ಕೆ ಕಾಯಲಿಲ್ಲ. ಹತ್ತೂಮುಕ್ಕಾಲಿಗೇ ತಂಗಿಯ ಮುಖ ಅವಳ ಫೋನಿನಲ್ಲಿ ಮೂಡಿತು.

"ನೋಡೇ, ಎಲ್ಲಿದ್ದೀನಿ ಹೇಳು."

"ಬಸ್ಸಲ್ಲಿ."

"ಬಸ್ಸಲ್ಲ. ಮೋಡದ ಮೇಲಿದ್ದೀನಿ."

"ಪಕ್ಕದಲ್ಲಿ ಸೀಟು ಕಾಣ್ತಿದೆ. ಸೀಟಿನಲ್ಲಿ ಒಬ್ಬ ನಿದ್ದೆ ಹೊಡೀತಿದ್ದಾನೆ. ಬಸ್ಸೇ ಅದು. ಕಿಟಕಿ ತೋರಿಸು."

ತಾಯಿ ಕಿಟಕಿಯ ಮುಚ್ಚಳ ಮೇಲೆತ್ತಿ ಫೋನನ್ನು ಗಾಜಿಗೆ ಹಿಡಿದಳು. ಹೊರಗೆ ಬಿಸಿಲು ಬಿದ್ದ ಮೋಡ ದಿಗಂತದವರೆಗೂ ಹರಡಿತ್ತು. ಅವಳೂ ಅದನ್ನು ಆಗಲೇ ಮೊದಲ ಸಲ ನೋಡಿದ್ದು. ಒಂದು ಕ್ಷಣ ಅವಳಿಗೆ ಜಗಳವೇ ಮರೆತುಹೋಯಿತು.

"ಸುಣ್ಣ ಹೊಡೆದ ಗೋಡೆ," ಎಂದಳು ಚಿಕ್ಕಮ್ಮ. "ಆಸ್ಪತ್ರೆ ಬಸ್ಸಾ ಅಕ್ಕ? ಮೈ ಹುಷಾರಾಗಿದೆ ತಾನೆ?"

ಹನ್ನೊಂದಾಯಿತು. ಮೊದಲನೇ ಸಾಲಿನಲ್ಲಿ ಯಜಮಾನರು ಕೋಟಿನ ಗುಂಡಿ ಹಾಕಿಕೊಂಡು ಪರದೆಗೆ ಕೈಮುಗಿದರು. ಸಭಾಂಗಣದಲ್ಲಿ ಕೂತವರು ನಮಸ್ಕಾರ ಎನ್ನಲು ಬಾಯಿ ತೆರೆದರು. ತೆರೆದದ್ದು ಹಾಗೆಯೇ ನಿಂತಿತು. ನಲವತ್ತು ಜನ ಆಕಳಿಸುತ್ತಿರುವಂಥ ಆ ಚಿತ್ರದ ಮೇಲೆ ಚಕ್ರ ತಿರುಗತೊಡಗಿತು.

ಅನುಭವದ ಸಾಹೇಬರು ನಡೆಯುತ್ತಿರುವವರಂತೆ ಮುಖ ಇಟ್ಟುಕೊಂಡು ಓಡಿಬಂದರು. "ಏನ್ರೀ ಇದು?"

ಕಾಣಲಿಲ್ಲಪ್ಪ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದ. ವಿಮಾನದ ನಕ್ಷೆಯ ಮೇಲೆ, ಐದನೇ ಸಾಲಿನಿಂದ ಹಿಂದಕ್ಕೆ ಕತ್ತಲಾಗಿರಬೇಕಿದ್ದ ಕಡೆ, ಹಸಿರು ಚುಕ್ಕೆಗಳು ಉರಿಯುತ್ತಿದ್ದವು. ಆರರಲ್ಲಿ ಒಂದು, ಒಂಬತ್ತರಲ್ಲಿ ಎರಡು, ಹದಿಮೂರರಲ್ಲಿ ಒಂದು. ಕಣ್ಣಿಟ್ಟು ನೋಡಿದರೆ ಹನ್ನೊಂದು ಜನರೂ ತಮ್ಮ ತಮ್ಮ ಸಾಲಿನಲ್ಲಿ ಒಂದೊಂದು ಸೀಟು ಬಿಟ್ಟಿದ್ದರು. ಒಬ್ಬನ ಹೆಂಡತಿ ತವರಿಗೆ ಮುಖ ತೋರಿಸುತ್ತಿದ್ದಳು, ಇನ್ನೊಬ್ಬನ ಮಾವ ಕುದುರೆ ರೇಸು ನೋಡುತ್ತಿದ್ದ.

"ನಾಳೆ ಹನ್ನೊಂದು ಜನಕ್ಕೂ ಗೋದಾಮೇ ಗತಿ," ಎಂದರು ಸಾಹೇಬರು. ಮತ್ತೆ ನಕ್ಷೆ ನೋಡಿದರು. "ಹನ್ನೆರಡು ಚುಕ್ಕೆ ಇದೆಯಲ್ರೀ. ಒಂಬತ್ತರಲ್ಲಿ ಎರಡನೇದು ಯಾರು ಬಿಟ್ಟಿದ್ದು?"

"ಅದು ನಿಮ್ಮ ಪಾಸ್‌ವರ್ಡಿನಿಂದ ತೆರೆದಿರೋದು ಸಾರ್."

ಒಂಬತ್ತನೇ ಸಾಲಿನ ಕಿಟಕಿಯ ಪಕ್ಕ ಸಾಹೇಬರ ಅತ್ತೆ ಕೂತಿದ್ದರು. ಅವರು ಯಾವುದೋ ಸೀರೆ ಅಂಗಡಿಯವನ ಜೊತೆ ಬಣ್ಣದ ಬಗ್ಗೆ ಮಾತಾಡುತ್ತಿದ್ದರು. ಸಾಹೇಬರು ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು. ಬಹಳ ಮೆತ್ತಗೆ ಮುಚ್ಚಿದರು.

ಆಗಲೇ ಯಜಮಾನರು ಎದ್ದು ಬಂದದ್ದು. ಮುಂದೆ ಎಲ್ಲ ನಿಂತುಹೋಗಿದ್ದರೆ ಹಿಂದಿನಿಂದ ಯಾರೋ ಹೆಂಗಸು ಗಟ್ಟಿಯಾಗಿ ಜಗಳವಾಡುತ್ತಿರುವುದು ಅವರಿಗೆ ಕೇಳಿಸಿತ್ತು. ಮೂವತ್ತೇಳನೇ ಸಾಲಿನಲ್ಲಿ, ಎಲ್ಲರಿಗಿಂತ ಮೊದಲು ಮಾರ್ಗ ಹಿಡಿದಿದ್ದ ತಾಯಿಯ ಫೋನಿನಲ್ಲಿ, ಚಿಕ್ಕಮ್ಮನ ಮುಖ ಒಂದು ಚೂರೂ ತೊದಲದೆ ಹೊಳೆಯುತ್ತಿತ್ತು. ಕಾಣಲಿಲ್ಲಪ್ಪನ ಕಣ್ಣಿಗೆ ಗೋದಾಮಿನ ಬಾಗಿಲು ಕಾಣಿಸಿತು. ಆದರೆ ಸಾಹೇಬರು ಶಾಂಪೂ ಮಾರಿದವರು.

"ನೋಡಿ ಸಾರ್. ಕೊನೆಯ ಸಾಲು. ಕಿಟಕಿ ಸೀಟು. ವಯಸ್ಸಾದವರು. ಹೇಗೆ ಬರ್ತಿದೆ ನೋಡಿ."

ಯಜಮಾನರ ಮುಖ ಅರಳಿತು. ಬಗ್ಗಿ ಫೋನಿನೊಳಗೆ ಇಣುಕಿದರು. "ನಮಸ್ಕಾರಮ್ಮ. ನಿಮ್ಮಕ್ಕ ಈಗ ಮೂವತ್ತೈದು ಸಾವಿರ ಅಡಿ ಮೇಲಿದ್ದಾರೆ."

"ಯಾರಕ್ಕ ಇದು?" ಎಂದಳು ಚಿಕ್ಕಮ್ಮ.

"ಕಂಪನಿ ಯಜಮಾನರು."

ಚಿಕ್ಕಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಕೋಟು ಚೆನ್ನಾಗಿದೆ. ಇವರೂ ನಿನ್ನ ಮಗನ ಜೊತೆ ಗುಡಿಸೋರಾ?"

ಕ್ಯಾಮೆರಾದವನು ಫೋಟೋ ಹೊಡೆದ. ಯಜಮಾನರು ನಕ್ಕಿದ್ದರು. ಸಾಹೇಬರು ನಕ್ಕಿದ್ದರು. ತಾಯಿ ಮಾತ್ರ ಬಿಗಿದ ತುಟಿಯಲ್ಲಿ ಕೂತಿದ್ದಳು.

ಇಳಿಯುವಾಗ ಅವಳು ಮಗನ ಮೊಣಕೈ ಹಿಡಿದುಕೊಂಡು ಏಣಿಯ ಮೆಟ್ಟಿಲು ಒಂದೊಂದೇ ಇಳಿದಳು. "ನಿಮ್ಮಪ್ಪನ ಕಾಲುವೆ ಥರಾನೇ ಆಯ್ತಲ್ಲೋ. ಎಷ್ಟು ಜನ ಒಡ್ಡು ಕಡಿದಿದ್ರು?"

ಅವಳಿಗೆ ಯಾರೂ ಏನೂ ಹೇಳಿರಲಿಲ್ಲ; ಹಿಂದೆ ಸಾಹೇಬರು ಆಡಿದ ಮಾತು ಕಿವಿಗೆ ಬಿದ್ದಿರಬೇಕು. "ಹನ್ನೆರಡು," ಎಂದ.

"ನೀನೂ?"

"ನಾನೂ."

"ನಿಮ್ಮಪ್ಪ ಒಂದು ಸಲಕ್ಕೂ ನಮ್ಮ ಹೊಲಕ್ಕೆ ಅಂತ ಕಡೀಲಿಲ್ಲ," ಎಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಆ ಹೊಲ ಒಣಗಿದ್ದು ಇಬ್ಬರಿಗೂ ನೆನಪಿತ್ತು.

ಹನ್ನೊಂದು ಗಂಟೆಗೆ ತಮ್ಮ ಪರದೆ ಯಾಕೆ ನಿಂತಿತು ಎಂದು ಯಜಮಾನರು ವರದಿ ಕೇಳಿದರು. ಸಾಹೇಬರು ಕಾಣಲಿಲ್ಲಪ್ಪನನ್ನು ಮತ್ತೆ ಗಾಜಿನ ಕೋಣೆಗೆ ಕರೆಸಿದರು. ಈ ಸಲ ಕೈಯಿರುವ ಕುರ್ಚಿ ತರಿಸಿದ್ದರು.

"ನೀವು ಇಷ್ಟು ವರ್ಷ ಪುಸ್ತಕದಲ್ಲಿ ಹೇಗೆ ಬರೀತಿದ್ರೋ ಹಾಗೇ ಬರೀರಿ. ನನಗೆ ನಿಮ್ಮ ಮೇಲೆ ನಂಬಿಕೆ ಇದೆ."

ಅವನು ಪೆನ್ನು ಹಿಡಿದ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಮೇಲೆ ಹೋಗಿ ನೋಡಿದ್ದ. ಮೊದಲ ಸಲ ದೋಷ ಕಂಡಿತ್ತು. ಹಸಿರಾಗಿ, ಸಾಲು ಸಾಲಾಗಿ, ಕೊನೆಯ ಚುಕ್ಕೆ ತನ್ನದೇ ಆಗಿ ಕಂಡಿತ್ತು. ಗಾಜಿನಾಚೆ ಹತ್ತು ಜನ ಏನೋ ಕೆಲಸವಿರುವವರ ಹಾಗೆ ಅಲ್ಲಲ್ಲೇ ಸುಳಿದಾಡುತ್ತಿದ್ದರು. ಒಬ್ಬನ ಕೈಯಲ್ಲಿದ್ದ ಟೀ ಆರಿಹೋಗಿತ್ತು.

ಬರೆದ: 'ನೆಲದ ಮೇಲೆ ಪರೀಕ್ಷಿಸಿದೆ. ದೋಷ ಕಾಣಲಿಲ್ಲ.'

ತಿಂಗಳೊಳಗೆ ಆದೇಶ ಬಂತು. ಸಂಪರ್ಕ ವಿಭಾಗದ ಮುಖ್ಯಸ್ಥನಾಗಿ ಅವನನ್ನು ನೇಮಿಸಲಾಗಿತ್ತು. ತಾಳ್ಮೆ, ವಿವೇಚನೆ, ದೀರ್ಘ ಅನುಭವ ಎಂದು ಕಾಗದದಲ್ಲಿ ಬರೆದಿತ್ತು. ಕಿಟಕಿಯಿರುವ ಕೋಣೆ ಸಿಕ್ಕಿತು. ಕೋಣೆಯ ಗೋಡೆಗೆ ದೊಡ್ಡ ಚಿತ್ರ: ಅವನ ತಾಯಿ, ಪಕ್ಕದಲ್ಲಿ ಬಗ್ಗಿದ ಯಜಮಾನರು, ಕೆಳಗೆ 'ಕೊನೆಯ ಸಾಲಿಗೂ ಸಂಪರ್ಕ' ಎಂಬ ಅಕ್ಷರ. ಟೀವಿಗಳನ್ನು ಕಿತ್ತು ಹಾಕಿದರು. ದೂರಿನ ಪುಸ್ತಕ ಮೊದಲಿನಂತೆಯೇ ಬರುತ್ತಿತ್ತು. ಈಗ ಅದರಲ್ಲಿ ಬರೆಯುವ ಕೆಲಸ ಕೆಳಗಿನವರದ್ದು. ಏನು ಬರೆಯಬೇಕೆಂದು ಅವನು ಕಲಿಸಬೇಕಾಗಿ ಬರಲಿಲ್ಲ.

ತಾಯಿ ಬೆಳಿಗ್ಗೆ ಒಂಬತ್ತಕ್ಕೆ ತಂಗಿಗೆ ಫೋನ್ ಮಾಡಿದಳು. ಮಗ ಶೂ ಹಾಕಿಕೊಳ್ಳುತ್ತ ಪಕ್ಕದಲ್ಲೇ ಕೂತಿದ್ದ. ಅವನ ಅಂಗಿಯ ಬೆನ್ನಿನಲ್ಲಿ ಈಗ ಒಂದು ಚೂರು ಪುಡಿಯೂ ಇರಲಿಲ್ಲ.

"ಮುಖ್ಯಸ್ಥ ಆದ ನನ್ನ ಮಗ. ಆಫೀಸಿನ ಗೋಡೆ ಮೇಲೆ ನನ್ನ ಫೋಟೋ ಹಾಕಿದ್ದಾರೆ."

"ಒಳ್ಳೇದಾಯ್ತು ಬಿಡಕ್ಕ," ಎಂದಳು ಚಿಕ್ಕಮ್ಮ. ನಿಜವಾಗಿಯೂ ಸಂತೋಷಪಟ್ಟಳು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದಳು. "ಹಾಗಾದ್ರೆ ಈಗ ಅಲ್ಲಿ ಗುಡಿಸೋರು ಯಾರು?"

ತಾಯಿ ಬಯ್ಯಲು ಬಾಯಿ ತೆರೆದು ಮಗನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿಕೊಂಡು ಶೂ ದಾರವನ್ನೇ ಕಟ್ಟುತ್ತಿದ್ದ.

"ಈಗಲೂ ನಾನೇ ಅಂತ ಹೇಳಮ್ಮ," ಎಂದ.