ಹಗಲಿನ ಶುಕ್ರನನ್ನು ಹುಡುಕಿದ ಕನ್ನಡಿ

ನಾನು ಒಂದು ದುರ್ಬೀನಿನ ಕನ್ನಡಿ. ಆರು ಅಂಗುಲ ಅಗಲ, ನಡುವೆ ಕಂಡೂ ಕಾಣದಷ್ಟು ತಗ್ಗು. ಕೊಳವೆ, ಮರದ ಪೀಠ, ಕಣ್ಣಿಡುವ ಮಸೂರ ಎಲ್ಲ ಸೇರಿದರೆ ದುರ್ಬೀನು. ಆದರೆ ಬೆಳಕನ್ನು ಹಿಡಿದು ಒಂದೆಡೆ ಕೂಡಿಸುವ ಕೆಲಸ ನನ್ನದು. ಆ ಕೆಲಸದಿಂದಲೇ ಒಬ್ಬ ಹೆಂಗಸಿನ ಕಣ್ಣು ಹೋಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹುಟ್ಟಿದ್ದು ಗದಗಿನಲ್ಲಿ, ಸಂಗನಬಸಪ್ಪ ಹೊಂಬಳನ ಚಾಳೀಸಿನ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ. ಬಂದವರ ಕಣ್ಣು ಪರೀಕ್ಷಿಸಿ, ನಂಬರಿಗೆ ತಕ್ಕಂತೆ ಗಾಜು ತೇಯ್ದು ಕೊಡುವುದು ಅವನ ಕಸುಬು. ಆಕಾಶ ನೋಡುವುದು ಅವನ ಹುಚ್ಚು. ಎರಡೂ ಸೇರಿ ನಾನಾದೆ. ಒಂದು ಹಳೇ ಡ್ರಮ್ಮಿನ ಮೇಲೆ ಒಂದು ದುಂಡು ಗಾಜು, ಅದರ ಮೇಲೆ ಇನ್ನೊಂದು. ನಡುವೆ ಸಾಣೆಪುಡಿ, ನೀರು. ಮೇಲಿನ ಗಾಜು ನಾನು. ಮೂರು ತಿಂಗಳು ನನ್ನನ್ನು ತಳ್ಳಿದರು, ಎಳೆದರು, ತಿರುಗಿಸಿದರು. ಅವನು ಅಂಗಡಿಯಲ್ಲಿದ್ದಾಗ ಅವನ ಹೆಂಡತಿ ನೀಲಗಂಗಾ ಡ್ರಮ್ಮಿನ ಸುತ್ತ ನಡೆಯುತ್ತ ತೇಯುತ್ತಿದ್ದಳು. ನನ್ನ ತಗ್ಗಿನಲ್ಲಿ ಹೆಚ್ಚು ಪಾಲು ಅವಳ ಅಂಗೈಯದು. ಊರವರಿಗೆ ಹೇಳುವಾಗ ಮಾತ್ರ ಸಂಗನಬಸಪ್ಪ "ನಾ ತೇದೀನಿ" ಅನ್ನುತ್ತಿದ್ದ. ಆಗ ಅವಳು ನಗುತ್ತಿದ್ದಳು.

ಬೆಳ್ಳಿಬಣ್ಣದ ಲೇಪ ಬಳಿಸಿಕೊಂಡು ಬಂದ ಮೇಲೆ, ಬೋರಿಗೆ ಇಳಿಸುವ ದಪ್ಪ ಪ್ಲಾಸ್ಟಿಕ್ ಪೈಪಿನ ತಳದಲ್ಲಿ ನನ್ನನ್ನು ಕೂರಿಸಿದರು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನನ್ನ ಜಾಗ. ನಾನು ಮೊದಲು ಹಿಡಿದದ್ದು ಶುಕ್ರನನ್ನು. ಪಡುವಣದಲ್ಲಿ ಇನ್ನೂ ಬೆಳಕಿರುವಾಗಲೇ ಅದು ಕಾಣಿಸುತ್ತಿತ್ತು. ಮೊದಲು ದುಂಡಗೆ, ಸಣ್ಣಗೆ. ವಾರಗಳು ಕಳೆದಂತೆ ಅರ್ಧ. ಆಮೇಲೆ ಕುಡುಗೋಲಿನಂತೆ ಬಾಗಿ, ದೊಡ್ಡದಾಗುತ್ತ, ತೆಳ್ಳಗಾಗುತ್ತ ಬಂತು.

ನೀಲಗಂಗಾ ಮುದ್ರಣಾಲಯವೊಂದರಲ್ಲಿ ಪ್ರೂಫು ತಿದ್ದುತ್ತಿದ್ದಳು. ಲಗ್ನಪತ್ರಿಕೆ, ಶಾಲೆಯ ಪುಸ್ತಕ, ಪಂಚಾಂಗ, ಎಲ್ಲವೂ ಅವಳ ಕಣ್ಣ ಕೆಳಗೆ ಹಾದು ಹೋಗಬೇಕು. ಒಂದು ಒತ್ತಕ್ಷರ ತಪ್ಪಿದ್ದರೂ ಅವಳಿಗೆ ಮುಳ್ಳು ಚುಚ್ಚಿದಂತೆ. ದಿನಾ ಸಂಜೆ ಕೆಲಸದಿಂದ ಬಂದು ಚಹಾ ಕುಡಿದು, ನನ್ನಲ್ಲಿ ಕಣ್ಣಿಟ್ಟು, ಕಂಡ ಶುಕ್ರನನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಸಂಗನಬಸಪ್ಪ ಕ್ಯಾಮೆರಾ ತಂದ ಮೇಲೆ, "ಇನ್ನ ಗೀಚೂದು ಯಾಕ? ಫೋಟೋ ಬರತಾವಲ್ಲ" ಅಂದ. ಅವಳು ಬರೆಯುವುದನ್ನು ಬಿಡಲಿಲ್ಲ.

ತಿಂಗಳಿಗೊಮ್ಮೆ ಊರಿನ ಆಕಾಶವೀಕ್ಷಕರ ಬಳಗ ಹಿತ್ತಲಿನಲ್ಲಿ ಸೇರುತ್ತಿತ್ತು. ಹೈಸ್ಕೂಲಿನ ವಿಜ್ಞಾನ ಶಿಕ್ಷಕರಾದ ಜಾಫರ ಮಾಸ್ತರರು ಅದರ ಮುಖ್ಯಸ್ಥರು. ಬಳಗಕ್ಕೊಂದು ಸಣ್ಣ ಪತ್ರಿಕೆಯೂ ಇತ್ತು. ಅದರ ಮುಖಪುಟದಲ್ಲಿ ತನ್ನ ಫೋಟೋ ಬರಬೇಕೆಂಬುದು ಸಂಗನಬಸಪ್ಪನ ಆಸೆ. ಶುಕ್ರ ಸೂರ್ಯನ ಹತ್ತಿರ ಸರಿದು, ಸಂಜೆಯ ಆಕಾಶ ಬಿಟ್ಟು ಬೆಳಗಿನ ಆಕಾಶಕ್ಕೆ ದಾಟುವ ಆ ನಾಲ್ಕಾರು ದಿನಗಳಲ್ಲಿ ಅದರ ಗೆರೆ ಕೂದಲಿನಷ್ಟು ತೆಳ್ಳಗಾಗುತ್ತದೆ. ಅದನ್ನು ಹಗಲಿನಲ್ಲೇ ಹಿಡಿಯಬೇಕು. ಬಳಗದಲ್ಲಿ ಯಾರೂ ಹಿಡಿದಿರಲಿಲ್ಲ.

ಬೇಸಿಗೆಯ ಶುರುವಿನ ಒಂದು ಬೆಳಗು. ಮೂಡಣ ದಿಕ್ಕಿನಲ್ಲಿ ಪಕ್ಕದ ಮನೆಯ ಎತ್ತರದ ಗೋಡೆ. ಸೂರ್ಯ ಅದರ ಹಿಂದೆ. ಸೂರ್ಯನಿಗಿಂತ ತುಸು ಮೇಲೆ, ಪಕ್ಕಕ್ಕೆ, ನೀಲಿಯಲ್ಲಿ ಶುಕ್ರ. ಸಂಗನಬಸಪ್ಪ ನನ್ನನ್ನು ಗೋಡೆಯ ನೆರಳಿಗೆ ತಂದಿಟ್ಟು ಅರ್ಧ ತಾಸು ಹುಡುಕಿದ. ಸಿಕ್ಕಿತು. 

"ನೀಲಾ, ಲಗೂನ ಬಾ! ಇಲ್ಲಿ ಕಣ್ಣಿಡು. ನಾ ಒಳಗ ಹೋಗಿ ಕ್ಯಾಮೆರಾ ತರತೀನಿ. ಅದು ಜಾರಿ ಹೋಕ್ಕೈತಿ, ಹಗೂರಕ ಕೊಳವಿ ತಳ್ಳಕೋತ ಇರು. ಕೈ ಬಿಡಬ್ಯಾಡ."

"ಸೂರ್ಯಾ ಬಂದಗಿಂದಾನ್ರೀ?"

"ಗೋಡಿ ಐತಲ್ಲ. ಇನ್ನ ಇಪ್ಪತ್ತು ಮಿನಿಟು ಏನೂ ಆಗೂದಿಲ್ಲ. ಅಷ್ಟರಾಗ ಬರತೀನಿ."

ಅವಳು ಬಲಗಣ್ಣಿಟ್ಟಳು. "ಅಯ್ಯ, ಎಷ್ಟ್ ಚಂದ ಐತ್ರೀ!" ಅಂದದ್ದು ಕೇಳಲು ಅವನು ಅಲ್ಲಿರಲಿಲ್ಲ. ಒಳಗೆ ಫೋನು ಬಂದಿತ್ತು. ಬಳಗದ ಯಾರಿಗೋ ಅವನು "ಸಿಕ್ಕೈತಿ, ಹಿಡದೀನಿ!" ಎಂದು ನಗುತ್ತ ಹೇಳುವುದು ಹಿತ್ತಲಿಗೆ ಕೇಳುತ್ತಿತ್ತು. ಮಾತು ಮುಗಿಯಲಿಲ್ಲ. ಗೋಡೆಯ ನೆರಳಿನ ಅಂಚು ಮಾತ್ರ ನನ್ನ ಪೀಠದ ಕಡೆಗೆ ಜರುಗುತ್ತ ಬಂತು. ಕಣ್ಣು ಮಸೂರದಲ್ಲಿದ್ದವಳಿಗೆ ನೆರಳು ಕಾಣುವುದು ಹೇಗೆ? ಅಷ್ಟರಲ್ಲಿ ಶುಕ್ರ ಕೈ ತಪ್ಪಿತು. ಅವಳು ಗಾಬರಿಯಾದಳು. ಗಂಡನ ಇಷ್ಟು ದಿನದ ಆಸೆ ತನ್ನ ಕೈಯಲ್ಲಿ ಹಾಳಾಗಬಾರದೆಂದು ಕೊಳವೆಯನ್ನು ಅತ್ತ ಇತ್ತ ತಳ್ಳಿ ಹುಡುಕಿದಳು.

ಗೋಡೆಯ ಅಂಚು ದಾಟಿ ಬಂದಿದ್ದ ಸೂರ್ಯ ನನ್ನೊಳಗೆ ಇಳಿದ.

ಒಂದು ಕ್ಷಣ. ನಾನು ಮಾಡಬೇಕಾದದ್ದನ್ನೇ ಮಾಡಿದೆ. ಬಂದ ಬೆಳಕನ್ನೆಲ್ಲ ಒಂದು ಕಾಳಿನಷ್ಟು ಜಾಗಕ್ಕೆ ಕೂಡಿಸಿ ಅವಳ ಕಣ್ಣಿಗೆ ಕೊಟ್ಟೆ. ಅವಳು ಚೀರಿ ಹಿಂದಕ್ಕೆ ಸರಿದಳು. ಬಲವಾದ ನೋವೇನೂ ಆಗಲಿಲ್ಲವಂತೆ. ಅದೇ ನನಗೆ ಇವತ್ತಿಗೂ ಭಯ ಹುಟ್ಟಿಸುತ್ತದೆ.

ಸಂಗನಬಸಪ್ಪ ಓಡಿ ಬಂದ.

"ಏನೋ ಬೆಳ್ಳಗ ಹೊಡದಂಗಾತ್ರೀ," ಅಂದಳು.

"ತಣ್ಣೀರಿಲೆ ತೊಳಕೋ, ಹೋಕ್ಕೈತಿ. ಶುಕ್ರ ಎಲ್ಲಿ? ಬಿಟ್ಟಿಯೇನು?"

ಮುಖ ತೊಳೆದು ಬಂದವಳ ಕೈಗೆ ಕೊಡೆ ಕೊಟ್ಟ. ಸೂರ್ಯನಿಗೆ ಮರೆ ಮಾಡಿ ನಿಲ್ಲಲು ಹೇಳಿದ. ಅವಳು ಒಂದು ಕೈಯಲ್ಲಿ ಕಣ್ಣು ಉಜ್ಜುತ್ತ, ಇನ್ನೊಂದರಲ್ಲಿ ಕೊಡೆ ಹಿಡಿದು ನಿಂತಳು. ಅವನು ಮತ್ತೆ ಶುಕ್ರನನ್ನು ಹುಡುಕಿ ಫೋಟೋ ತೆಗೆದ. ಅವನ ಜನ್ಮದಲ್ಲಿ ಅಷ್ಟು ಒಳ್ಳೆಯ ಫೋಟೋ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳ ಬಲಗಣ್ಣಿನ ನಟ್ಟನಡುವೆ ಒಂದು ಕಪ್ಪು ಚುಕ್ಕೆ ಕುಳಿತಿತ್ತು. ಸಂಗನಬಸಪ್ಪ ಅಂಗಡಿಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಎಡಗಣ್ಣು ಮುಚ್ಚಿ, ಅಕ್ಷರದ ಫಲಕ ತೋರಿಸಿದ. ನಡುವಿನ ಬಾಗಿಲು ತೆರೆದಿತ್ತು. ಒಳಗೆ ತಂದಿಟ್ಟಿದ್ದ ನಾನು ಪಡಸಾಲೆಯ ಮೂಲೆಯಿಂದ ಕೇಳುತ್ತಿದ್ದೆ.

"ಮ್ಯಾಲಿಂದು ಓದು."

"ಎಲ್ಲೈತ್ರೀ?"

"ಎಲ್ಲಾಕಿಂತ ದೊಡ್ಡದು, ನೀಲಾ."

"ಅಂಚು ಕಾಣತೈತಿ. ನಡುವ ಏನೂ ಇಲ್ಲ."

ಸಾವಿರಾರು ಜನರ ಕಣ್ಣು ನೋಡಿದವನಿಗೆ ಬೇರೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಹುಬ್ಬಳ್ಳಿಯ ವೈದ್ಯರು ಹೇಳಿದ್ದೂ ಅದನ್ನೇ. ಸುಟ್ಟದ್ದು ತಿರುಗಿ ಬರುವುದಿಲ್ಲ.

ಮುಂದಿನ ಸಲ ಬಳಗ ಸೇರಿದಾಗ ಎಲ್ಲರೂ ಫೋಟೋ ನೋಡಿ ಬೆರಗಾದರು. ಆಮೇಲೆ ಜಾಫರ ಮಾಸ್ತರರು ಮೆಲ್ಲಗೆ, "ತಂಗಿ ಕಣ್ಣಿಗೆ ಹೆಂಗಾತ್ರೀ ಇದು?" ಎಂದು ಕೇಳಿದರು.

ಸಂಗನಬಸಪ್ಪ ನೆಲ ನೋಡುತ್ತ, "ನಾ ಬ್ಯಾಡ ಅಂದಿದ್ದೆ ಮಾಸ್ತರ. ತಡಕೊಳ್ಳಲಾರದ ನೋಡಿಬಿಟ್ಲು," ಅಂದ.

ಅಡುಗೆಮನೆಯ ಕಿಟಕಿಯ ಹಿಂದೆ ಬಳೆಯ ಸದ್ದು ನಿಂತಿತು. ಅವಳು ಹೊರಗೆ ಬರಲಿಲ್ಲ. ಚಹಾದ ಲೋಟಗಳನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ಮುದ್ರಣಾಲಯದವರು ದಯೆಯಿಂದ ಸಣ್ಣಪುಟ್ಟ ಕೆಲಸ ಕೊಡುತ್ತಿದ್ದರು. ಅವಳು ಪ್ರೂಫುಗಳನ್ನು ಮನೆಗೆ ತಂದು, ತಲೆ ಓರೆ ಮಾಡಿ, ಎಡಗಣ್ಣಿನಿಂದ ಓದುತ್ತಿದ್ದಳು. ಒಂದು ಮಧ್ಯಾಹ್ನ ಬಳಗದ ಪತ್ರಿಕೆಯ ಪ್ರೂಫು ಬಂತು. ಮುಖಪುಟದಲ್ಲಿ ಕೂದಲೆಳೆಯ ಶುಕ್ರ. ಒಳಗೆ ಸಂಗನಬಸಪ್ಪನ ಲೇಖನ, ಹಗಲಿನಲ್ಲಿ ಆಕಾಶ ನೋಡುವವರಿಗೆ ಎಚ್ಚರಿಕೆಯ ಮಾತು. ನನ್ನ ಪಕ್ಕದಲ್ಲೇ ಕುಳಿತು ಅವಳು ಬೆರಳಿಟ್ಟು ಗಟ್ಟಿಯಾಗಿ ಓದಿದಳು: "ನಾನು ಬೇಡವೆಂದರೂ ನನ್ನ ಪತ್ನಿ ಕುತೂಹಲ ತಡೆಯಲಾರದೆ ನೋಡಿದಳು."

ಬೆರಳು ಅಲ್ಲೇ ನಿಂತಿತು. ಅವಳು ಕೆಂಪು ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದಳು. ಅಂಚಿನಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಳು: "ನಾನು ನೋಡೆಂದು ಹೇಳಿ ಹೋದದ್ದರಿಂದ ನನ್ನ ಪತ್ನಿ ನೋಡಿದಳು." ಪತ್ರಿಕೆ ಹಾಗೇ ಅಚ್ಚಾಯಿತು, ಅವನ ಹೆಸರಿನಲ್ಲೇ.

ಅಚ್ಚಾದ ಪ್ರತಿ ಹಿಡಿದು ಅವನು ಪಡಸಾಲೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ನೀ ತಿದ್ದಿದಿ?"

"ತಪ್ಪಿತ್ತು. ತಿದ್ದಿದೆ."

ಅಷ್ಟೇ ಮಾತು.  ಆಮೇಲೆ ಆ ಮನೆಯಲ್ಲಿ ಬೇಕಾದಷ್ಟಕ್ಕಿಂತ ಹೆಚ್ಚು ಮಾತು ನಾನು ಕೇಳಲಿಲ್ಲ. ಬಳಗ ಬೇರೆ ಕಡೆ ಸೇರತೊಡಗಿತು. ಆ ವರ್ಷವೇ ಅವಳ ಕೆಲಸವೂ ನಿಂತಿತು. ಎಡಗಣ್ಣಿಗೆ ಎಲ್ಲ ತಪ್ಪೂ ಸಿಗುತ್ತಿರಲಿಲ್ಲ.

ಜಾಫರ ಮಾಸ್ತರರು ನನ್ನನ್ನು ಶಾಲೆಗೆ ಕೇಳಿದಾಗ ಸಂಗನಬಸಪ್ಪ ಎದ್ದು ಅಂಗಡಿಗೆ ಹೋದ. ಉತ್ತರಿಸಿದವಳು ನೀಲಗಂಗಾ. "ಒಯ್ರಿ ಅಣ್ಣಾರ. ಅದು ಏನು ಮಾಡೀತು," ಅಂದಳು. ಕೊಳವೆಯ ಧೂಳನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಶಾಲೆಯಲ್ಲಿ ಮೂರು ವರ್ಷ ಚಂದ್ರನನ್ನು ತೋರಿಸಿದೆ. ಆಮೇಲೆ ಪೀಠ ಮುರಿಯಿತು. ಮಳೆಗಾಲದ ತೇವಕ್ಕೆ ನನ್ನ ಮೇಲೆ ಬೂಷ್ಟು ಹತ್ತಿ, ಲೇಪ ಹೊಪ್ಪಳೆ ಎದ್ದಿತು. ಶಾಲೆಯ ಮೂಲೆಕೋಣೆಯಲ್ಲಿ, ಹರಿದ ಭೂಪಟಗಳು, ಒಡೆದ ಬೆಂಚುಗಳ ನಡುವೆ ಈಗ ನನ್ನ ಮುಪ್ಪು.

ಮೊನ್ನೆ ಸಂಗನಬಸಪ್ಪ ಇಲ್ಲಿಗೆ ಬಂದಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಮಾಸ್ತರರು ದೀಪ ಹಾಕಿದರು. ಅವನು ಕೊಳವೆಯ ಮುಚ್ಚಳ ತೆಗೆದು ನನ್ನೊಳಗೆ ಬಹಳ ಹೊತ್ತು ನೋಡಿದ. ಕಲೆಗಳ ನಡುವೆ ಅವನದೇ ಕಣ್ಣು ದೊಡ್ಡದಾಗಿ ಕಂಡಿರಬೇಕು.

"ಮಾಸ್ತರ, ಇಷ್ಟು ವರ್ಷಾತು. ಆಕಿಗೆ ನನ್ನದ ತಪ್ಪು ಅಂತ ಒಂದು ಮಾತು ಅಂದಿಲ್ಲ ನಾ."

ಮಾಸ್ತರರು, "ಮತ್ತ ಇಲ್ಲಿಗ್ಯಾಕ ಬಂದ್ರಿ? ಮನೀಗೆ ಹೋಗ್ರಿ. ತಂಗಿ ಅಲ್ಲಿ ಅದಾಳ," ಅಂದರು.

ಅವನು ಮುಚ್ಚಳ ಹಾಕಿದ. ನಡೆಯುವ ಸಪ್ಪಳ ಗೇಟಿನವರೆಗೆ ಕೇಳಿ ಆಮೇಲೆ ನಿಂತಿತು. ಹೋಗಿ ಹೇಳಿದನೋ, ಅಂಗಡಿಯ ಬಾಗಿಲು ತೆಗೆದು ಸುಮ್ಮನೆ ಕುಳಿತನೋ, ನನಗೆ ತಿಳಿಯದು. ಅಷ್ಟು ದೂರದ ಶುಕ್ರನನ್ನು ಕಂಡವನು ನಾನು. ಮೂರು ಓಣಿ ಆಚೆಗಿನ ಮನೆ ನನಗೆ ಕಾಣುವುದಿಲ್ಲ.