ಕುಪ್ಪಗಡ್ಡೆಯ ಡಾಕ್ಟ್ರಮ್ಮ

ನೀಟ್‌ನಲ್ಲಿ ಪವಿತ್ರಳಿಗೆ ಬಂದ ಅಂಕಕ್ಕೆ ಇಲ್ಲಿ ಸರ್ಕಾರಿ ಸೀಟು ಸಿಗುವಂತಿರಲಿಲ್ಲ. ಶಿವಮೊಗ್ಗದ ಏಜೆಂಟನೊಬ್ಬ ಹೊರದೇಶದ ಎರಡು ದಾರಿ ತೋರಿಸಿದ್ದ. ಒಂದು ಕಡೆ ಆರು ವರ್ಷ ನೇರವಾಗಿ ವೈದ್ಯಕೀಯ. ಇನ್ನೊಂದು ಕಡೆ ಮೊದಲು ಎರಡು ವರ್ಷ ವಿಜ್ಞಾನದ ಪದವಿ, ಅದಾದ ಮೇಲೆ ಅದೇ ಕಾಲೇಜಿನಲ್ಲಿ ನಾಲ್ಕು ವರ್ಷ ವೈದ್ಯಕೀಯ. ಯಾವುದೆಂದು ಬೇಗ ತಿಳಿಸಬೇಕೆಂದು ಅವನು ಫೋನ್ ಮೇಲೆ ಫೋನ್ ಮಾಡುತ್ತಿದ್ದ.

ಶಿಕಾರಿಪುರದ ಪಕ್ಕದ ಹಳ್ಳಿಯಲ್ಲಿ ಕುರಿ ಸಾಕುವ ಅವಳಪ್ಪ ಮಾಳೇಶನಿಗೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮಗಳು ಡಾಕ್ಟರಾದರೆ ಸಾಕಿತ್ತು. ಪವಿತ್ರ ಎರಡನೆಯದೇ ಇರಲಿ ಎನ್ನುತ್ತಿದ್ದಳು, ಯಾಕೆಂದು ಕೇಳಿದರೆ ಮಾತು ಮರೆಸುತ್ತಿದ್ದಳು. ಸೊರಬದ ಕುಪ್ಪಗಡ್ಡೆಯ ಮಾನಸ ಎಂಬ ಹುಡುಗಿ ಅಂಥ ಕಾಲೇಜಿಗೇ ಹೋಗಿದ್ದಳೆಂದು ಯಾರೋ ಹೇಳಿದರು. ಅವಳನ್ನೇ ಕೇಳಿಬಿಡೋಣವೆಂದು ಮಾಳೇಶ ಕುರಿ ಸಾಗಿಸುವ ಪಿಕಪ್ಪಿನಲ್ಲಿ ಮಗಳನ್ನು ಕೂರಿಸಿಕೊಂಡು ಹೊರಟ.

ಮಾನಸಳ ತಾಯಿ ವರದಮ್ಮ ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ ಚಹಾ ಕೊಟ್ಟರು. ಕಾಲೇಜು ಬಹಳ ಒಳ್ಳೆಯದು, ಉಳಿದ ಓದನ್ನು ಮಗಳು ಮನೆಯಿಂದಲೇ ಮಾಡುತ್ತಿದ್ದಾಳೆ ಎಂದರು. ಮಾನಸಳನ್ನು ಕೇಳಿದ್ದಕ್ಕೂ ಅವರೇ ಉತ್ತರ ಕೊಡುತ್ತಿದ್ದರು. ಅವಳು ಕಂಬಕ್ಕೊರಗಿ ನಿಂತೇ ಇದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಪ್ಪಜ್ಜ ಎದೆ ಒತ್ತಿಕೊಳ್ಳುತ್ತ ಬಂದು ಜಗಲಿಯ ಅಂಚಿನಲ್ಲಿ ಕುಸಿದಂತೆ ಕುಳಿತರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ಡಾಕ್ಟ್ರಮ್ಮ, ಎದೆ ಹಿಡ್ಕಂಡಂಗೆ ಆಗ್ತಿದೆ. ಗ್ಯಾಸೇ ಇರ್ಬೇಕು. ಒಂದು ಮಾತ್ರೆ ಕೊಡು."

ಮಾನಸ ಅವರ ಕೈ ಮುಟ್ಟಿ ನೋಡಿ, ಈಗಲೇ ಸೊರಬದ ಆಸ್ಪತ್ರೆಗೆ ಹೋಗಬೇಕೆಂದಳು. ಅಜ್ಜ ಒಪ್ಪಲಿಲ್ಲ. ನೀನೇ ಇರುವಾಗ ಅಲ್ಲಿಗೆ ಯಾಕೆ ಎಂದು ಹಟ ಹಿಡಿದರು. ಮನೆಯಲ್ಲಿದ್ದ ಮಾತ್ರೆಯನ್ನಾದರೂ ಕೊಡೆಂದು ವರದಮ್ಮನೂ ಮಗಳಿಗೆ ಹೇಳಿದರು.

"ಅಜ್ಜ, ನಾನು ಡಾಕ್ಟ್ರಲ್ಲ," ಎಂದಳು ಮಾನಸ. "ಆಗೋದೂ ಇಲ್ಲ. ನನ್ನ ಓದು ನಿಂತು ವರ್ಷ ಆಯ್ತು. ಅಮ್ಮ ನಿಮಗೆಲ್ಲ ಸುಳ್ಳು ಹೇಳಿದ್ದು. ಏಳಿ ಈಗ."

ವರದಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಅಜ್ಜ ಕಂಬ ಹಿಡಿದು ಎದ್ದರು.

ಮಾಳೇಶ ಅಜ್ಜನನ್ನೂ ಮಾನಸಳನ್ನೂ ಮುಂದೆ ಕೂರಿಸಿಕೊಂಡ. ಪವಿತ್ರ ಹಿಂದೆ, ಕುರಿ ನಿಲ್ಲುವ ಜಾಗದಲ್ಲಿ ಸರಳು ಹಿಡಿದು ನಿಂತಳು. ಸೊರಬದಲ್ಲಿ ಇಸಿಜಿ ಮಾಡಿದ ವೈದ್ಯರು ಹೃದಯಾಘಾತವೆಂದರು. ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು.

ಆಂಬುಲೆನ್ಸ್ ಹೋದ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಮಾನಸ ಎಲ್ಲ ಹೇಳಿದಳು. ಪದವಿಯ ಎರಡು ವರ್ಷ ಮುಗಿದು ವೈದ್ಯಕೀಯ ಶುರುವಾಗಬೇಕು ಎನ್ನುವಾಗ ನಮ್ಮ ದೇಶದ ನಿಯಮ ಬದಲಾಗಿತ್ತು. ಹಾಗೆ ಎರಡು ಭಾಗ ಮಾಡಿ ಓದಿದವರು ಊರಿಗೆ ಬಂದು ವೈದ್ಯರಾಗುವಂತಿರಲಿಲ್ಲ. ಊರವರಿಗೆ ಅದನ್ನು ಹೇಳಲು ಅಮ್ಮ ಬಿಟ್ಟಿರಲಿಲ್ಲ.

ಅವಳನ್ನು ಕುಪ್ಪಗಡ್ಡೆಗೆ ಬಿಟ್ಟು ಅಪ್ಪ ಮಗಳು ಊರಿನ ದಾರಿ ಹಿಡಿದರು. ಹಾಗಾದರೆ ಆರು ವರ್ಷದ್ದೇ ಗಟ್ಟಿ, ನಾಳೆಯೇ ಏಜೆಂಟನಿಗೆ ತಿಳಿಸುತ್ತೇನೆ ಎಂದ ಮಾಳೇಶ.

"ಅದೂ ಬ್ಯಾಡಪ್ಪ," ಎಂದಳು ಪವಿತ್ರ. "ಎರಡು ವರ್ಷದ ಪದವಿ ಆದ್ಮೇಲೆ ಬಿಟ್ಟು ಬರಬೋದು ಅಂತ ನಾನು ಆ ಎರಡನೇದನ್ನ ಕೇಳಿದ್ದು. ನಂಗೆ ಡಾಕ್ಟ್ರಾಗೋ ಮನಸ್ಸಿಲ್ಲ."

ಮಾಳೇಶ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

"ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತು?"

"ನೀನು ಯಾವ ಕಾಲೇಜು ಅಂತ ಕೇಳ್ದೆ. ಡಾಕ್ಟ್ರಾಗ್ತೀಯಾ ಅಂತ ಕೇಳ್ಲಿಲ್ಲ."

ಅವನು ಗಾಡಿಯನ್ನು ಮತ್ತೆ ರಸ್ತೆಗೆ ತಂದು ಮನೆಯ ಕಡೆ ಓಡಿಸಿದ.

ಪುಟ್ಟಪ್ಪಜ್ಜ ಬದುಕಿಕೊಂಡರು. ಆದರೆ ವರದಮ್ಮ ತನ್ನೊಡನೆ ಇನ್ನೂ ಮಾತು ಬಿಟ್ಟೇ ಇದ್ದಾರೆಂದು, ತಟ್ಟೆಯನ್ನು ಮುಂದಿಟ್ಟು ಎದ್ದುಹೋಗುತ್ತಾರೆಂದು ಮಾನಸ ಪವಿತ್ರಳಿಗೆ ಫೋನಿನಲ್ಲಿ ಹೇಳಿದಳು.

ಏಜೆಂಟನಿಗೆ ಮಾಳೇಶ ಬೇಡವೆಂದ. ಮಗಳ ಮೇಲೆ ರೇಗಲೂ ಇಲ್ಲ, ಮೊದಲಿನಂತೆ ಮಾತಾಡಲೂ ಇಲ್ಲ. ಒಂದು ಸಂಜೆ ಕುರಿಗಳನ್ನು ಹಟ್ಟಿಗೆ ಕೂಡುತ್ತಿದ್ದವನು, ತಿರುಗಿ ನೋಡದೆಯೇ, ಮತ್ತೇನು ಓದಬೇಕು ಅಂತಿದ್ದೀಯ ಎಂದು ಕೇಳಿದ.

"ಇನ್ನೂ ಗೊತ್ತಾಗಿಲ್ಲಪ್ಪ," ಎಂದಳು ಪವಿತ್ರ.

ಅವನು ತಲೆಯಾಡಿಸಿ, ಹಿಂದುಳಿದಿದ್ದ ಮರಿಯೊಂದನ್ನು ಎತ್ತಿಕೊಂಡು ಒಳಗೆ ಹೋದ.